ನೀರೊಳಗಿನ ಮೈ

ದೋಣಿಯನ್ನು ಕವಿಗಳು ನೋಡಿರುವುದು ಬಹುಮಟ್ಟಿಗೆ ಮೇಲಿನಿಂದಲೇ. ಹಾಯಿ, ಹುಟ್ಟು, ಚುಕ್ಕಾಣಿ, ಅಂಬಿಗನ ಹಾಡು, ಅಲೆಯ ಮೇಲೆ ಓಲಾಡುವ ಬೆಡಗು, ಇವೆಲ್ಲ ನಮ್ಮ ಕಾವ್ಯದಲ್ಲಿ ಬೇಕಾದಷ್ಟು ಸಿಕ್ಕುತ್ತವೆ. ಸಂಸಾರವನ್ನು ಸಾಗರವೆಂದು ಕರೆದ ಮೇಲೆ ದೇಹವನ್ನೋ ಗುರುವನ್ನೋ ನಾಮಸ್ಮರಣೆಯನ್ನೋ ನಾವೆಯೆನ್ನದೆ ಗತಿಯಿಲ್ಲ. ನಮ್ಮ ಸಂತರು ಹಾಗೆಯೇ ಕರೆದಿದ್ದಾರೆ. ಆದರೆ ಆ ನಾವೆಯ ತಳವನ್ನು ಬಗ್ಗಿ ನೋಡಿದವರು ವಿರಳ. ಪುರಂದರದಾಸರೊಬ್ಬರು ದೇಹವೆಂಬ ಹರಿಗೋಲಿಗೆ ಒಂಬತ್ತು ತೂತುಗಳನ್ನು ಎಣಿಸಿದ್ದಾರೆ. ತೂತು ಬೀಳುವ ಮೊದಲೇ ತಳದ ಮೈಯಲ್ಲಿ ಏನೇನು ನಡೆಯುತ್ತದೆಂಬ ಕಥೆಯನ್ನು ಹೇಳುವವರು ಕವಿಗಳಲ್ಲ. ಹೇಳಿದರೆ ಮೀನುಗಾರರು ಹೇಳಬೇಕು, ಆಚಾರಿಗಳು ಹೇಳಬೇಕು. ಅವರಾದರೋ ಕೆಲಸದಲ್ಲಿರುವವರು, ಬರೆಯಲು ಅವರಿಗೆ ಬಿಡುವೆಲ್ಲಿಯದು?

ಘಟ್ಟದ ಮೇಲಿನ ಸಿದ್ದಾಪುರದಲ್ಲಿ ಹಳಗನ್ನಡ ಪಾಠ ಹೇಳಿಕೊಂಡಿರುವ ನನ್ನಂಥವನಿಗೆ ಈ ಗೊಡವೆ ಏಕೆಂದು ಓದುಗರು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆತನಕ್ಕೆ ಅಘನಾಶಿನಿಯ ಅಳಿವೆಯಲ್ಲಿ ಒಂದು ಮರದ ಯಾಂತ್ರಿಕ ದೋಣಿಯುಂಟು. ಹೋದ ಮಳೆಗಾಲದಲ್ಲಿ ಎರಡು ಭಾನುವಾರ, ಜೂನ್ ಮೊದಲಲ್ಲೊಮ್ಮೆ ಜುಲೈ ಕೊನೆಯಲ್ಲೊಮ್ಮೆ, ದೊಡ್ಡಮನೆ ಘಟ್ಟವಿಳಿದು ಹೋಗಿ ಆ ದೋಣಿಯ ತಳವನ್ನು ಕೆರೆದು ಬಣ್ಣ ಬಳಿಯುವ ಕೆಲಸವನ್ನು ಕಣ್ಣಾರೆ ಕಂಡುಬಂದೆ. ನಮ್ಮ ಊರಿನಲ್ಲಿ ಅಡಕೆಯ ಕೊನೆಗೆ ಔಷಧಿ ಹೊಡೆಯುವ ದಿನಗಳೂ ಅವರ ಊರಿನಲ್ಲಿ ದೋಣಿಯ ತಳ ಕೆರೆಯುವ ದಿನಗಳೂ ಹೆಚ್ಚುಕಡಿಮೆ ಒಂದೇ. ಈ ಎರಡು ಕೆಲಸಗಳಿಗೆ ಪಂಚಾಂಗದ ನಂಟಷ್ಟೇ ಅಲ್ಲದೆ ಇನ್ನೂ ಒಳಗಿನ ನಂಟೊಂದು ಇದೆಯೆಂದು ನನಗೆ ತೋರಿದುದರಿಂದ ಈ ನಾಲ್ಕು ಮಾತು.

ಸಮುದ್ರದ ನೀರು ಖಾಲಿ ಜಾಗವನ್ನು ಸಹಿಸುವುದಿಲ್ಲ. ತೊಳೆದು ಒರಸಿದ ಹಲಗೆಯೊಂದನ್ನು ಉಪ್ಪುನೀರಿನಲ್ಲಿ ಇಳಿಬಿಡಿ. ಕೆಲವು ಗಂಟೆಗಳೊಳಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದರ ಮೇಲೆ ನೆಲೆಯೂರಿ ಒಂದು ಲೋಳೆಯ ಪೊರೆಯನ್ನು ಹಾಸುತ್ತವೆ. ಕೆಲವು ದಿನಗಳಲ್ಲಿ ಆ ಪೊರೆಯ ಮೇಲೆ ಹಸಿರು ಪಾಚಿ ಬೆಳೆಯುತ್ತದೆ. ಅದರ ಹಿಂದೆಯೇ ಚಿಪ್ಪಿನ ಜೀವಿಗಳು, ಕೊಳವೆ ಕಟ್ಟುವ ಹುಳುಗಳು, ಎಳೆಯ ನೀಲಿಕಲ್ಲುಗಳು ಒಂದೊಂದಾಗಿ ಬಂದು ಸೇರುತ್ತವೆ. ಬಿಸಿಲು ಚೆನ್ನಾಗಿ ತಾಗುವ ಕಾರಣ ನೀರಿನ ಗೆರೆಯ ಬಳಿ ಪಾಚಿ ಹೆಚ್ಚು. ಅದರ ಕೆಳಗಿನ ನೆರಳಿನ ಭಾಗದಲ್ಲಿ ಚಿಪ್ಪು ಹೆಚ್ಚು. ಬಂದರಿನಲ್ಲಿ ಸುಮ್ಮನೆ ನಿಂತ ದೋಣಿಗೆ ಓಡಾಡುವ ದೋಣಿಗಿಂತ ಬೇಗ ಮುತ್ತಿಗೆಯಾಗುತ್ತದೆ.

ಈ ಒಕ್ಕಲುಗಳಲ್ಲಿ ಮುಖ್ಯವಾದುದು ಬಾರ್ನಕಲ್ ಎಂಬ ಪ್ರಾಣಿ. ನೋಡುವುದಕ್ಕೆ ಸಣ್ಣದೊಂದು ಬೆಟ್ಟದ ತುದಿ ಕತ್ತರಿಸಿದಂತಿರುವ ಬಿಳಿಯ ಚಿಪ್ಪು. ಚಿಪ್ಪಿರುವುದರಿಂದ ಬಳಚಿನ ಜಾತಿಯದೆಂದು ಯಾರಾದರೂ ತಿಳಿಯಬೇಕು. ವಾಸ್ತವದಲ್ಲಿ ಅದು ಸೀಗಡಿ ಏಡಿಗಳ ಕುಲಕ್ಕೆ ಸೇರಿದ್ದು. ಮರಿಯಾಗಿದ್ದಾಗ ನೀರಿನಲ್ಲಿ ಸ್ವಚ್ಛಂದವಾಗಿ ಈಜುತ್ತದೆ. ಬೆಳೆದು ಒಂದು ಹಂತಕ್ಕೆ ಬಂದಾಗ ಉಣ್ಣುವುದನ್ನು ಬಿಟ್ಟು ಮನೆ ಹುಡುಕಲು ಹೊರಡುತ್ತದೆ. ಮುಂದಿನ ಮೀಸೆಗಳಿಂದ ಮೈಯನ್ನು ತಟ್ಟಿ ಮುಟ್ಟಿ ಪರೀಕ್ಷಿಸುತ್ತದೆ. ಜಾಗ ಒಪ್ಪಿಗೆಯಾದರೆ ತಲೆಯನ್ನು ಕೆಳಗಿಟ್ಟು ತನ್ನದೇ ಅಂಟಿನಿಂದ ಅಂಟಿಕೊಂಡು, ಸುತ್ತಲೂ ಸುಣ್ಣದ ಗೋಡೆ ಎಬ್ಬಿಸಿ, ಉಳಿದ ಆಯುಷ್ಯವನ್ನೆಲ್ಲ ಕಾಲುಗಳಿಂದ ನೀರನ್ನು ಬೀಸಿ ಬೀಸಿ ಆಹಾರವನ್ನು ಬಾಯಿಗೆ ತಂದುಕೊಳ್ಳುತ್ತ ಕಳೆಯುತ್ತದೆ. ಒಮ್ಮೆ ಕೂತ ಮೇಲೆ ಏಳುವ ಮಾತಿಲ್ಲ. ಸತ್ತ ಮೇಲೆಯೂ ಮನೆಯನ್ನು ಬಿಟ್ಟುಕೊಡುವುದಿಲ್ಲ. ಬರಿಯ ಚಿಪ್ಪು ಹಲಗೆಯನ್ನು ಕಚ್ಚಿಕೊಂಡೇ ಇರುತ್ತದೆ. ಚಾರ್ಲ್ಸ್ ಡಾರ್ವಿನ್ ಮಹಾಶಯನು ತನ್ನ ಜಗತ್ಪ್ರಸಿದ್ಧ ಸಿದ್ಧಾಂತವನ್ನು ಪ್ರಕಟಿಸುವುದಕ್ಕೆ ಮೊದಲು, ೧೮೪೬ರಿಂದ ೧೮೫೪ರವರೆಗೆ, ಎಂಟು ವರ್ಷಗಳನ್ನು ಈ ಒಂದು ಜೀವಿಯ ಅಧ್ಯಯನಕ್ಕೆ ಕೊಟ್ಟನು. 'ಬೀಗಲ್' ಹಡಗಿನ ಯಾತ್ರೆಯಲ್ಲಿ ಚಿಲಿ ದೇಶದ ಕಡಲತೀರದಲ್ಲಿ ಸಿಕ್ಕ ಒಂದು ವಿಚಿತ್ರ ಬಾರ್ನಕಲ್ ಅವನನ್ನು ಆ ದಾರಿಗೆ ಹಚ್ಚಿತು. ಸಂಪುಟಗಳ ಮೇಲೆ ಸಂಪುಟ ಬರೆದು ಮುಗಿಸುವ ಹೊತ್ತಿಗೆ ಅವನಿಗೆ ಆ ಪ್ರಾಣಿಯ ಮೇಲೆ ಸಾಕುಸಾಕಾಗಿತ್ತೆಂದು ಅವನ ಕಾಗದಗಳಿಂದ ತಿಳಿದುಬರುತ್ತದೆ. ನಮ್ಮ ಮೀನುಗಾರರಿಗೆ ಪ್ರತಿವರ್ಷವೂ ಹಾಗೆಯೇ ಆಗುತ್ತದೆ.

ಇಷ್ಟು ಸಣ್ಣ ಜೀವಿ ದೋಣಿಗೆ ಮಾಡುವ ಹಾನಿಯಾದರೂ ಏನು? ನುಣುಪಾದ ಮೈ ನೀರನ್ನು ಸೀಳಿಕೊಂಡು ಹೋಗುತ್ತದೆ. ಒರಟು ಮೈ ನೀರನ್ನು ಎಳೆದುಕೊಂಡು ಹೋಗುತ್ತದೆ. ಯುದ್ಧನೌಕೆಯೊಂದನ್ನು ಕುರಿತು ೨೦೦೭ರಲ್ಲಿ ಪ್ರಕಟವಾದ ಲೆಕ್ಕವೊಂದರ ಪ್ರಕಾರ, ತಳದಲ್ಲಿ ಚಿಪ್ಪು ದಟ್ಟವಾಗಿ ಬೆಳೆದರೆ ಮೊದಲಿನ ವೇಗದಲ್ಲೇ ಸಾಗಲು ಶೇಕಡಾ ೮೬ರಷ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ. ಬರಿಯ ಲೋಳೆಯೂ ಎಣ್ಣೆ ಕುಡಿಸುತ್ತದೆ. ೧೯೦೫ರಲ್ಲಿ ಅರ್ಧ ಜಗತ್ತನ್ನು ಸುತ್ತಿ ಸುಶಿಮಾ ಜಲಸಂಧಿಗೆ ಬಂದ ರಷ್ಯದ ನೌಕಾಪಡೆ ಜಪಾನಿಗರ ಕೈಯಲ್ಲಿ ನುಚ್ಚುನೂರಾಯಿತಷ್ಟೆ. ಆ ಸೋಲಿಗೆ ಅನೇಕ ಕಾರಣಗಳುಂಟು. ತಿಂಗಳುಗಟ್ಟಲೆ ಬಿಸಿಯ ಕಡಲುಗಳಲ್ಲಿ ಅಲೆದು ತಳದ ತುಂಬ ಪಾಚಿ ಚಿಪ್ಪು ಹೊತ್ತು ಆ ಹಡಗುಗಳು ನಿಧಾನವಾಗಿದ್ದುದೂ ಅವುಗಳಲ್ಲೊಂದೆಂದು ಚರಿತ್ರಕಾರರು ಎಣಿಸುತ್ತಾರೆ. ತದಡಿಯ ದೋಣಿಗೆ ಯುದ್ಧವಿಲ್ಲ, ನಿಜ. ಆದರೆ ಡೀಸೆಲಿನ ಬೆಲೆಯುಂಟು; ಗಾಳಿಯೆದ್ದ ದಿನ ಬೇಗ ದಡ ಸೇರಬೇಕಾದ ಜೀವಗಳುಂಟು.

ಬಾರ್ನಕಲ್ ಹೊರಗಿನ ಒಕ್ಕಲು. ಹಡಗುಹುಳು ಒಳಗಿನ ಕಳ್ಳ. ಹೆಸರಿಗೆ ಹುಳುವೆಂದರೂ ಅದು ಬಳಚಿನ ಬಂಧು. ಅದರ ಎರಡು ಚಿಪ್ಪುಗಳು ತಲೆಯ ತುದಿಯಲ್ಲಿ ಕಿರಿದಾಗಿ ಉಳಿದು ಕೊರೆಯುವ ಉಳಿಗಳಾಗಿವೆ. ಉಳಿದ ಮೈಯೆಲ್ಲ ನೀಳವಾದ ಮೆತ್ತನೆಯ ನಾಳ. ಸೂಜಿಯ ಮೊನೆಯಷ್ಟು ರಂಧ್ರದಿಂದ ಮರಿಯಾಗಿ ಒಳಹೊಕ್ಕು, ಮರವನ್ನು ತಿನ್ನುತ್ತ ಬೆಳೆಯುತ್ತ, ಹೊರಗೆ ಸುಳಿವು ಕೊಡದೆ ಹಲಗೆಯನ್ನು ಜೇನುಹುಟ್ಟಿನಂತೆ ಮಾಡಿಬಿಡುತ್ತದೆ. ಕೊಲಂಬಸನು ತನ್ನ ನಾಲ್ಕನೆಯ ಯಾತ್ರೆಯಲ್ಲಿ, ೧೫೦೩ರಲ್ಲಿ, ಈ ಹುಳು ತಿಂದ ಹಡಗುಗಳನ್ನು ಮುಂದೆ ಸಾಗಿಸಲಾರದೆ ಜಮೈಕಾದ ದಡಕ್ಕೆ ಹತ್ತಿಸಿ ಒಂದು ವರ್ಷ ಅಲ್ಲೇ ಸಿಕ್ಕಿಬಿದ್ದಿದ್ದನು. ಬಿರುಗಾಳಿಗಳನ್ನು ಗೆದ್ದವನು ಬಳಚಿನ ಬಂಧುವಿಗೆ ಸೋತನು.

ಇವುಗಳನ್ನು ತಡೆಯಲು ನಮ್ಮ ಹಿಂದಿನವರು ಹೂಡಿದ ಉಪಾಯಗಳಲ್ಲಿ ಘಟ್ಟಕ್ಕೂ ಪಾಲಿತ್ತು. ಪಶ್ಚಿಮ ಕರಾವಳಿಯ ದೋಣಿಗಳ ಹಲಗೆಗೆ ಹೆಬ್ಬಲಸು ಹೆಸರಾದ ಮರ; ಅದು ನಮ್ಮ ಕಾನುಗಳದ್ದು. ತೇಗವಂತೂ ಹಡಗು ಕಟ್ಟುವವರ ಪಾಲಿಗೆ ಚಿನ್ನ. ೧೮೧೭ರಲ್ಲಿ ಮುಂಬಯಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ 'ಟ್ರಿಂಕೋಮಲಿ' ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಹಲಗೆಗಳ ಸಂದಿಗೆ ಹತ್ತಿಯನ್ನೋ ನಾರನ್ನೋ ಬಡಿದು ತುಂಬಿ, ಕಾಡಿನ ಧೂಪದ ಮರಗಳಿಂದ ಒಸರುವ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಮೇಲೆ ಮೆತ್ತುತ್ತಿದ್ದರು. ಮೈಗೆಲ್ಲ ಮೀನೆಣ್ಣೆ. ನೀರಿನ ಕೆಳಗಿನ ಭಾಗಕ್ಕೆ ಮಾತ್ರ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು ಕೊಬ್ಬಿನೊಡನೆಯೋ ಎಣ್ಣೆಯೊಡನೆಯೋ ಕಲಸಿ ದಪ್ಪನಾಗಿ ಬಳಿಯುತ್ತಿದ್ದರು. ಅರಬ್ಬಿ ಸಮುದ್ರದ ಎರಡೂ ದಡಗಳಲ್ಲಿ ನಡೆದುಬಂದ ಪದ್ಧತಿ ಇದು. ಬಳಚಿನ ಬಂಧುವನ್ನು ಬಳಚಿನ ಸುಣ್ಣದಿಂದಲೇ ತಡೆಯುವ ಈ ಉಪಾಯ ಕೆಲವು ತಿಂಗಳಷ್ಟೇ ನಿಲ್ಲುತ್ತಿತ್ತು. ಮತ್ತೆ ಕೆರೆಯಬೇಕು, ಮತ್ತೆ ಬಳಿಯಬೇಕು. ಬೇಸರದ ಕೆಲಸ, ಆದರೆ ಕೆರೆದು ಬಿದ್ದದ್ದು ಸುಣ್ಣ, ಎಣ್ಣೆ, ಚಿಪ್ಪು. ಅದರಿಂದ ಯಾರ ಬಾಳೂ ಕೆಡುತ್ತಿರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನೊಂದು ಉಪಾಯವನ್ನು ಮನುಷ್ಯನು ಹೂಡಬೇಕಾಗಿಯೇ ಇರಲಿಲ್ಲ. ಅದನ್ನು ನಮ್ಮ ಹೊಳೆ ಮಾಡಿಕೊಡುತ್ತಿತ್ತು, ಈಗಲೂ ಮಾಡಿಕೊಡುತ್ತಿದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವುದೆಂದು ಹೇಳುವ ಅಘನಾಶಿನಿ ನಮ್ಮ ತಾಲೂಕಿನ ಉಂಚಳ್ಳಿಯಲ್ಲಿ ೧೧೬ ಮೀಟರು ಕೆಳಕ್ಕೆ ಧುಮುಕಿ, ಕಣಿವೆಯಲ್ಲಿ ಹರಿದು, ಸುಮಾರು ೧೨೦ ಕಿಲೋಮೀಟರಿನ ದಾರಿ ಮುಗಿಸಿ ತದಡಿಗೂ ಅಘನಾಶಿನಿ ಗ್ರಾಮಕ್ಕೂ ನಡುವೆ ಕಡಲನ್ನು ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟೊಂದೂ ಇಲ್ಲ. ಬೇಸಿಗೆಯಲ್ಲಿ ಅಳಿವೆಯ ನೀರು ಕಡಲಿನಷ್ಟೇ ಉಪ್ಪು; ಆಷಾಢದ ಮಳೆ ಹಿಡಿದ ಮೇಲೆ ಅದೇ ನೀರು ಬಹುಪಾಲು ಸಿಹಿ. ಕಡಲಿನ ಬಾರ್ನಕಲ್ಲಾಗಲಿ ಹಡಗುಹುಳುವಾಗಲಿ ಸಿಹಿನೀರನ್ನು ಕೆಲವು ದಿನ ಬಾಯಿ ಮುಚ್ಚಿಕೊಂಡು ತಾಳಬಲ್ಲವು, ವಾರಗಟ್ಟಲೆ ತಾಳಲಾರವು. ಮಳೆಗಾಲದಲ್ಲಿ ದೋಣಿಗಳನ್ನು ಹೊಳೆಯೊಳಕ್ಕೆ ತಂದು ಕಟ್ಟುವುದರಲ್ಲಿ ಗಾಳಿಯಿಂದ ರಕ್ಷಣೆಯ ಜೊತೆಗೆ ಈ ಔಷಧಿಯೂ ಸೇರಿತ್ತು. ಸಿದ್ದಾಪುರದ ಕಾನಿನಲ್ಲಿ ಸುರಿದ ಮಳೆ ಕುಮಟೆಯ ದೋಣಿಯ ತಳಕ್ಕೆ ಮದ್ದಾಗುತ್ತದೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನು ಕೆಲಸದ ವಿಚಾರ. ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವುಂಟು. ಮೀನುಗಳಿಗೆ ಮರಿ ಮಾಡಲು ಬಿಡುವು. ದೋಣಿಗಳಿಗೆ ಮೈ ತೋರಿಸಲು ಬಿಡುವು. ನನ್ನ ವಿದ್ಯಾರ್ಥಿಯ ದೋಣಿಯನ್ನು ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ, ನೀರು ದಡದ ಮೇಲಕ್ಕೆ ಏರಿದ ಹೊತ್ತು ನೋಡಿ, ಹಗ್ಗ ಕಟ್ಟಿ ಉರುಳೆಗಳ ಮೇಲೆ ಎಳೆದು ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು. ಕಾರವಾರದ ಕದಂಬ ನೌಕಾನೆಲೆಯಲ್ಲಿ ಹತ್ತು ಸಾವಿರ ಟನ್ನಿನ ಹಡಗನ್ನು ನೀರಿನಿಂದ ಎತ್ತಿ ಒಣನೆಲಕ್ಕೆ ಸರಿಸುವ ಯಂತ್ರವೇದಿಕೆಯಿದೆಯೆಂದು ಕೇಳಿದ್ದೇನೆ. ಇಲ್ಲಿ ಅದರ ಬದಲಿಗೆ ಚಂದ್ರನೂ ಹದಿನೈದು ಆಳುಗಳೂ ಇದ್ದರು.

ದೋಣಿ ಮೇಲೆ ಬಂದೊಡನೆ ಕೆರೆಯಲು ತೊಡಗಬೇಕು. ಇದು ಮೊದಲ ನಿಯಮ. ಹಸಿಯಿದ್ದಾಗ ಪಾಚಿ ಲೋಳೆಯಾಗಿ ಜಾರಿಬರುತ್ತದೆ. ಒಂದು ಬಿಸಿಲು ಕಂಡರೆ ಸಾಕು, ಕಲ್ಲಾಗುತ್ತದೆ. ಚಪ್ಪಟೆ ಅಲಗಿನ ಕೆತ್ತುಳಿಯನ್ನು ಮರಕ್ಕೆ ಗೀರು ಬೀಳದಂತೆ ಓರೆಯಾಗಿ ಹಿಡಿದು ತಳ್ಳುತ್ತಾರೆ. ಚಿಪ್ಪು ಎದ್ದ ಮೇಲೂ ಅದರ ಬುಡದ ಬಿಳಿಯ ಬಿಲ್ಲೆ ಉಳಿದಿರುತ್ತದೆ. ಅದನ್ನೂ ತೆಗೆಯದಿದ್ದರೆ ಬಣ್ಣ ಅದರ ಮೇಲೆ ಕೂತು ಅದರೊಡನೆಯೇ ಕಳಚಿಬೀಳುತ್ತದೆ. ಆಮೇಲೆ ಸಿಹಿನೀರಿನಿಂದ ಉಪ್ಪು ಹೋಗುವವರೆಗೆ ತೊಳೆಯಬೇಕು. ತಳದ ಕೆಳಗೆ ಮಲಗಿಕೊಂಡು, ಕಣ್ಣಿಗೂ ಬಾಯಿಗೂ ಬೀಳುವ ಕೊಳೆ ಚಿಪ್ಪುಗಳ ನಡುವೆ ಮಾಡಬೇಕಾದ ಕೆಲಸ ಇದು. ಮುಖಕ್ಕೆ ಸುತ್ತಿದ ಒಂದು ಬಟ್ಟೆಯೇ ಅವರ ಕವಚ. ಆ ಘಾಟು ಎಂಥದೆಂದು ಬರೆದು ತಿಳಿಸುವುದು ನನ್ನ ಕೈಲಾಗದು.

ತೊಳೆದ ಮೇಲೆ ಆಚಾರಿ ಬಂದ. ಎಪ್ಪತ್ತು ದಾಟಿದ ಮನುಷ್ಯ. ಸಣ್ಣ ಸುತ್ತಿಗೆಯೊಂದನ್ನು ಹಿಡಿದು ತಳದ ಉದ್ದಕ್ಕೂ ಮೆಲ್ಲನೆ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ನಡೆದ. ಗಟ್ಟಿ ಮರ ಒಂದು ದನಿ ಕೊಡುತ್ತದೆ. ಒಳಗೆ ಟೊಳ್ಳಾದ ಮರ ಇನ್ನೊಂದು. ಅಲ್ಲಲ್ಲಿ ಸುಣ್ಣದ ಗುರುತು ಹಾಕಿದ. ಒಂದು ಕಡೆ ಮಾತ್ರ ಮೂರು ಸಲ ತಟ್ಟಿ, "ಇಲ್ಲಿ ಒಕ್ಕಲಿದೆ" ಎಂದ. ಹಲಗೆಯನ್ನು ಸೀಳಿದಾಗ ಬೆರಳು ಹೋಗುವಷ್ಟು ಅಗಲದ ಸುರಂಗಗಳು, ಒಳಗೋಡೆಗೆ ನಯವಾಗಿ ಸುಣ್ಣ ಸಾರಿಸಿದವು, ಸಾಲುಸಾಲಾಗಿ ಕಂಡವು. ಹೊರಗಿನಿಂದ ಆ ಹಲಗೆಗೆ ಒಂದು ಕುಂದೂ ಇರಲಿಲ್ಲ. ಹಳಗನ್ನಡ ಪದ್ಯವೊಂದರ ಪಾಠ ಶುದ್ಧವೋ ಅಶುದ್ಧವೋ ಎಂದು ತಿಳಿಯಲು ನಾವೂ ಹೀಗೆಯೇ ದನಿಗೆ ಕಿವಿಗೊಡುತ್ತೇವೆ. ಆದರೆ ನಮ್ಮ ಕಿವಿ ತಪ್ಪಿದರೆ ಯಾರೂ ಮುಳುಗುವುದಿಲ್ಲ.

ಎರಡನೆಯ ಸಲ ಹೋದಾಗ ತೆಂಗಿನ ಗರಿಯ ಚಪ್ಪರದ ಕೆಳಗೆ ಹೊಸ ಹಲಗೆ ಕೂತಿತ್ತು, ಸಂದುಗಳಿಗೆ ಹತ್ತಿ ಬಡಿದಾಗಿತ್ತು, ಮರ ಒಣಗಿತ್ತು. ಮೊದಲು ಒಂದು ತಳಬಣ್ಣ. ಅದರ ಮೇಲೆ ಚಿಪ್ಪು ಪಾಚಿಗಳನ್ನು ತಡೆಯುವ ಕೆಂಪುಬಣ್ಣ ಎರಡು ಸಲ. ನೀರಿನ ಗೆರೆಗೂ ಚುಕ್ಕಾಣಿಗೂ ಇನ್ನೊಂದು ಸಲ ಹೆಚ್ಚಿಗೆ, ಏಕೆಂದರೆ ಅಲ್ಲಿ ಸವೆತ ಹೆಚ್ಚು. ದಿಮ್ಮಿ ತಾಗಿದ್ದ ಜಾಗ ಬಣ್ಣ ಕಾಣದೆ ಉಳಿದರೆ ಅಲ್ಲೇ ಹುಳು ಹೊಗುವುದೆಂದು ದೋಣಿಯನ್ನು ತುಸು ಎತ್ತಿ ದಿಮ್ಮಿ ಸರಿಸಿ ಅಲ್ಲಿಯೂ ಬಳಿದರು. ತಿರುಗಣೆಯ ಹತ್ತಿರ ಕೂರಿಸಿದ ಸತುವಿನ ತುಂಡೊಂದಕ್ಕೆ ಮಾತ್ರ ಬಣ್ಣ ತಾಗಿಸಲಿಲ್ಲ. ಉಪ್ಪುನೀರಿನಲ್ಲಿ ಬೇರೆ ಲೋಹಗಳಿಗಿಂತ ಮೊದಲು ತಾನು ಕರಗಿ ಅವುಗಳನ್ನು ಉಳಿಸುವುದೇ ಆ ತುಂಡಿನ ಕೆಲಸ. ಬಣ್ಣ ಬಳಿದರೆ ಅದು ಉಳಿಯುತ್ತದೆ, ತಿರುಗಣೆ ಕೆಡುತ್ತದೆ. ಕೆಂಪುಬಣ್ಣವನ್ನು ದೋಣಿ ಇಳಿಸುವ ಕೆಲವೇ ದಿನ ಮೊದಲು ಬಳಿಯುವರು. ಡಬ್ಬಿಯ ಮೇಲೆ ಬರೆದ ಅವಧಿ ಮೀರಿ ಗಾಳಿಯಲ್ಲಿ ಒಣಗಿಸಿದರೆ ಅದರ ಕಸುವು ಇಳಿಯುತ್ತದೆ.

ಆ ಕೆಂಪಿನ ಗುಟ್ಟು ತಾಮ್ರ. ತಾಮ್ರದ ಕಥೆ ಹಳೆಯದು. ೧೭೬೧ರಲ್ಲಿ ಇಂಗ್ಲಿಷ್ ನೌಕಾಪಡೆ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸಿಗೆ ಕಳುಹಿಸಿತು. ಹಡಗು ಮರಳಿ ಬಂದಾಗ ತಗಡಿನ ಮೇಲೆ ಚಿಪ್ಪಿರಲಿಲ್ಲ, ಹುಳುವಿರಲಿಲ್ಲ; ಆದರೆ ತಾಮ್ರದ ಸಂಗದಲ್ಲಿ ಕಬ್ಬಿಣದ ಮೊಳೆಗಳು ತುಕ್ಕು ತಿಂದು ಸತ್ತಿದ್ದವು. ಮುಂದೆ ತಾಮ್ರವೂ ಸವೆಯುವುದನ್ನು ಕಂಡು ೧೮೨೪ರಲ್ಲಿ ಹಂಫ್ರಿ ಡೇವಿ ಎಂಬ ರಸಾಯನ ಪಂಡಿತನು ತಗಡಿಗೆ ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿ ಸವೆತವನ್ನು ನಿಲ್ಲಿಸಿದನು. ಸವೆತವೇನೋ ನಿಂತಿತು, ಅದರೊಡನೆ ತಾಮ್ರದ ಗುಣವೂ ನಿಂತಿತು. ಪಾಚಿ ಚಿಪ್ಪುಗಳು ತಗಡಿನ ಮೇಲೆಯೇ ಸುಖವಾಗಿ ಬೆಳೆದವು. ತಾಮ್ರವು ಕಾಯುವುದು ತಾನು ಕರಗುವುದರಿಂದ ಎಂಬ ಸತ್ಯ ಆಗ ಬೆಳಕಿಗೆ ಬಂತು. ಇಂದಿನ ಬಣ್ಣವೂ ಹಾಗೆಯೇ: ಚೂರುಚೂರಾಗಿ ನೀರಿಗೆ ಬಿಟ್ಟುಕೊಡುತ್ತ, ಕೂರಬಂದ ಮರಿಗಳನ್ನು ಓಡಿಸುತ್ತದೆ. ಬಿಟ್ಟುಕೊಡುವುದು ಮುಗಿದ ದಿನ ಅದರ ಕೆಲಸವೂ ಮುಗಿಯಿತು.

ಇಲ್ಲಿಗೆ ಬಂದಾಗ ನಮ್ಮ ಅಡಕೆ ತೋಟ ನೆನಪಾಗದಿರದು. ಕೊಳೆರೋಗವನ್ನು ತಡೆಯಲು ನಾವು ಹಿಂದೆ ಕರಡದ ಕೊಟ್ಟೆ ಕಟ್ಟುತ್ತಿದ್ದೆವು. ಈಗ ಬಹುಮಟ್ಟಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರ, ಸುಣ್ಣವೆಂದರೆ ಅನೇಕ ಕಡೆ ಕರಾವಳಿಯ ಚಿಪ್ಪಿನ ಸುಣ್ಣ. ದೋಣಿಯ ತಳಕ್ಕೆ ಹಿಂದೆ ಬಳಿಯುತ್ತಿದ್ದುದು ಯಾವುದೋ, ಇಂದು ಬಳಿಯುವುದು ಯಾವುದೋ, ಆ ಎರಡೂ ನಮ್ಮ ದೋಟಿಯ ತುದಿಯಲ್ಲಿ ಒಂದಾಗಿವೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ೧೮೮೫ರ ಸುಮಾರಿಗೆ ಹೊರಬಂದ ಈ ಮದ್ದನ್ನು ಅಡಕೆಯ ಕೊಳೆಗೆ ಹಚ್ಚಿ ನೋಡಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಕೊಳೆರೋಗವನ್ನು ಕುರಿತ ಅವರ ಬರಹ ೧೯೧೦ರಲ್ಲಿ ಪ್ರಕಟವಾಯಿತು. ಮಲೆನಾಡಿನ ಎಷ್ಟೋ ಮನೆಗಳು ಆ ನೀಲಿ ನೀರಿನಿಂದ ಉಳಿದಿವೆ. ಅದೂ ಕಾಯುವುದು ಕರಗುತ್ತಲೇ. ಕರಗಿದ್ದರಲ್ಲಿ ಒಂದಷ್ಟು ತೋಟದ ಮಣ್ಣಿನಲ್ಲಿ ನಿಲ್ಲುತ್ತದೆ, ಒಂದಷ್ಟು ಮಳೆಯೊಡನೆ ಹೊರಡುತ್ತದೆ. ಹೊರಟ ನೀರಿಗೆ ದಾರಿ ಒಂದೇ, ಕೆಳಗೆ.

ಕರಗಿದ್ದು ಎಲ್ಲಿಗೆ ಹೋಗುತ್ತದೆಂದು ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ಅದೇ ಬೋರ್ಡೋ ಪಟ್ಟಣದ ಸಮೀಪದ ಆರ್ಕಶೋನ್ ಕೊಲ್ಲಿ ಸಾಕ್ಷಿಯಾಗಿದೆ. ತಾಮ್ರಕ್ಕಿಂತ ಬಲವಾದ ವಿಷ ಬೇಕೆಂದು ತವರವನ್ನು ಸೇರಿಸಿ ಮಾಡಿದ ಟಿ.ಬಿ.ಟಿ. ಎಂಬ ರಾಸಾಯನಿಕದ ಬಣ್ಣಗಳು ೧೯೬೦ರ ದಶಕದಿಂದ ಜಗತ್ತಿನ ಹಡಗುಗಳನ್ನೆಲ್ಲ ಆವರಿಸಿದವು. ಅದರ ಸಮಾನ ಮದ್ದಿಲ್ಲವೆಂದು ಎಲ್ಲರೂ ಹೊಗಳಿದರು. ೧೯೭೦ರ ದಶಕದ ಕೊನೆಯಲ್ಲಿ ಆರ್ಕಶೋನಿನ ಸಿಂಪಿ ಸಾಕಣೆಗಾರರಿಗೆ ಮರಿಗಳು ಸಿಕ್ಕದಾದವು. ಬೆಳೆದ ಸಿಂಪಿಗಳ ಚಿಪ್ಪುಗಳು ವಿಕಾರವಾಗಿ ದಪ್ಪವಾದವು. ಬೇರೆಡೆ ಹೆಣ್ಣು ಶಂಖದ ಹುಳುಗಳಲ್ಲಿ ಗಂಡಿನ ಅಂಗಗಳು ಮೂಡಿ ಸಂತಾನ ನಿಂತುಹೋಯಿತು. ಒಂದು ಲೀಟರು ನೀರಿನಲ್ಲಿ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ವಿಷವೇ ಇದಕ್ಕೆ ಸಾಕಾಗಿತ್ತು. ಫ್ರಾನ್ಸ್ ೧೯೮೨ರಲ್ಲಿ ಸಣ್ಣ ದೋಣಿಗಳಿಗೆ ಆ ಬಣ್ಣವನ್ನು ನಿಷೇಧಿಸಿತು. ರಾಷ್ಟ್ರಗಳೆಲ್ಲ ಕೂಡಿ ಒಪ್ಪಂದಕ್ಕೆ ಬಂದದ್ದು ೨೦೦೧ರಲ್ಲಿ. ಅದು ಜಾರಿಗೆ ಬಂದದ್ದು ೨೦೦೮ರಲ್ಲಿ. ಕೊಲ್ಲಿಯ ಸಿಂಪಿಗಾರರು ಕೂಗಿದ್ದು ಜಗತ್ತಿಗೆ ಕೇಳಿಸಲು ಕಾಲು ಶತಮಾನ ಬೇಕಾಯಿತು.

ಅಘನಾಶಿನಿಯ ಅಳಿವೆಯೂ ಚಿಪ್ಪಿನ ಜೀವಿಗಳಿಗೆ ಹೆಸರಾದದ್ದು. ಬೇಸಿಗೆಯ ಇಳಿತದ ಹೊತ್ತಿನಲ್ಲಿ ಅಂಬಿಗ, ಹರಿಕಂತ್ರ ಮೊದಲಾದ ಸಮುದಾಯಗಳ ಹೆಂಗಸರೂ ಗಂಡಸರೂ ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಹೆಕ್ಕುವುದನ್ನು ದೀವಗಿಯ ಸೇತುವೆ ದಾಟಿದ ಯಾರೂ ಬಲ್ಲರು. ಸಾವಿರಾರು ಸಂಸಾರಗಳ ಅನ್ನ ಅದು. ೨೦೨೪ರ ಜನವರಿಯಲ್ಲಿ ೪,೮೦೧ ಹೆಕ್ಟೇರಿನ ಈ ಅಳಿವೆ ರಾಮ್ಸಾರ್ ಒಪ್ಪಂದದ ಜಾಗತಿಕ ಪಟ್ಟಿಗೆ ಸೇರಿತು. ಹತ್ತಿರದ ಶರಾವತಿಯ ಅಳಿವೆಯಲ್ಲಿ ಈ ಸಂಪತ್ತು ಕುಗ್ಗಿದೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದ ಮೇಲೆ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿದುಬರುವುದರಿಂದ ಅಳಿವೆಯ ಉಪ್ಪು ತಗ್ಗಿದ್ದು ಅದಕ್ಕೆ ಕಾರಣವೆಂದು ಬಲ್ಲವರು ಹೇಳುತ್ತಾರೆ. ಎರಡು ತಿಂಗಳು ಬಂದರೆ ದೋಣಿಗೆ ಮದ್ದಾಗುವ ನೀರು ಹನ್ನೆರಡು ತಿಂಗಳೂ ಬಂದರೆ ಬಳಚಿಗೆ ಮೃತ್ಯು. ಬಳಚು ನೀರನ್ನು ಸೋಸಿ ಬದುಕುವ ಜೀವಿ. ನೀರಿನಲ್ಲಿದ್ದದ್ದು ಅದರ ಮೈಯಲ್ಲಿ ಉಳಿಯುತ್ತದೆ, ಆಮೇಲೆ ಅದನ್ನು ತಿಂದವರ ಮೈಗೆ ಬರುತ್ತದೆ. ಮರವನ್ನು ಕೊರೆಯುವ ಬಳಚಿನ ಬಂಧುವನ್ನು ಕೊಲ್ಲಲು ಬಳಿದ ವಿಷಕ್ಕೆ, ಹಸಿವನ್ನು ನೀಗಿಸುವ ಬಳಚು ಬೇರೆಯೆಂದು ತಿಳಿಯುವ ಶಕ್ತಿಯಿಲ್ಲ.

ಹಾಗೆಂದು ದೋಣಿಗೆ ಬಣ್ಣ ಬಳಿಯಬೇಡಿರೆಂದು ಹೇಳುವ ಅಧಿಕಾರ, ತೋಟಕ್ಕೆ ಮೈಲುತುತ್ತ ತರುವ ಊರಿನವನಾದ ನನಗಿಲ್ಲ. ಮರ ಕೊಳೆಯಲಿ, ಡೀಸೆಲು ಉರಿಯಲಿ, ಕಡಲ ನಡುವೆ ಹಲಗೆ ಬಿಚ್ಚಲಿ ಎಂದು ಯಾರು ಹೇಳಿಯಾರು? ಕೊಚ್ಚಿಯಲ್ಲಿ ೧೯೫೭ರಲ್ಲಿ ಸ್ಥಾಪನೆಯಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಮರದ ದೋಣಿಗೆ ಗಾಜಿನೆಳೆಯ ಹೊದಿಕ ಹಾಕುವ ವಿಧಾನವನ್ನು ಹೇಳಿಕೊಟ್ಟರು. ಅದರಿಂದ ಕೊರೆಯುವ ಹುಳುವಿನ ಕಾಟ ತಪ್ಪುತ್ತದೆ, ಆದರೆ ಮೇಲೆ ಕೂರುವ ಚಿಪ್ಪಿನದು ತಪ್ಪುವುದಿಲ್ಲ. ವಿಷವಿಲ್ಲದೆ ಬರಿಯ ನುಣುಪಿನಿಂದಲೇ ಚಿಪ್ಪನ್ನು ನಿಲ್ಲಗೊಡದ ಸಿಲಿಕೋನಿನ ಬಣ್ಣಗಳೂ ಬಂದಿವೆ. ಬೆಲೆ ದುಬಾರಿ, ಮತ್ತು ಅವು ಒಪ್ಪುವುದು ವೇಗವಾಗಿ ಓಡುವ ಹಡಗುಗಳಿಗೆ. ಬಣ್ಣ ನೀರಿನಲ್ಲಿ ನಿಧಾನವಾಗಿ ಕರಗುವುದನ್ನು ಸದ್ಯಕ್ಕೆ ತಪ್ಪಿಸಲಾಗದು. ತಪ್ಪಿಸಬಹುದಾದದ್ದು ಒಂದುಂಟು: ವರ್ಷಕ್ಕೊಮ್ಮೆ ಕೆರೆದು ತೆಗೆಯುವ ಹಳೆಯ ಬಣ್ಣದ ಹೊಟ್ಟು, ದಡದಲ್ಲಿ ಬಿದ್ದು, ಮುಂದಿನ ಉಬ್ಬರಕ್ಕೋ ಮುಂದಿನ ಮಳೆಗೋ ಒಂದೇ ಸಲಕ್ಕೆ ಅಳಿವೆಗೆ ಸೇರುವುದು. ಸುಣ್ಣ ಎಣ್ಣೆಗಳ ಕಾಲದಲ್ಲಿ ಅದನ್ನು ಹಾಗೆ ಬಿಟ್ಟದ್ದು ಸಹಜವಾಗಿತ್ತು. ಬಳಿಯುವ ವಸ್ತು ಬದಲಾಗಿದೆ. ಕೆರೆಯುವ ರೂಢಿ ಬದಲಾಗಿಲ್ಲ.

ನನ್ನ ವಿದ್ಯಾರ್ಥಿ ಈ ವಿಚಾರವನ್ನು ಯಾವ ಪುಸ್ತಕದಿಂದಲೂ ಕಲಿತವನಲ್ಲ. ಅವನ ತಾಯಿ ಬಳಚು ಹೆಕ್ಕಿ ಅವನನ್ನು ಓದಿಸಿದವಳು. ಜೂನಿನಲ್ಲಿ ಕೆರೆಯುವ ಮೊದಲು ಅವಳೇ ನಿಂತು ದೋಣಿಯ ಕೆಳಗೆ ದೊಡ್ಡ ತಾಡಪಾಲು ಹಾಸಿಸಿದ್ದಳು. ಅದರಿಂದ ಕೆಲಸ ಅರ್ಧ ದಿನ ತಡವಾಯಿತೆಂದು ಆಳುಗಳು ಗೊಣಗಿದರು. ಕೆರೆದುದನ್ನೆಲ್ಲ ಬಾಚಿ ತುಂಬಿದಾಗ ಎರಡು ಮೂಟೆಯಾಯಿತು. ಖಾಲಿ ಡಬ್ಬಿಗಳು ಬೇರೆ. ಜುಲೈಯಲ್ಲಿ ನಾನು ಹೋದಾಗ ಆ ಮೂಟೆಗಳು ಮಳೆ ತಾಗದಂತೆ ಬಲೆಯ ಕೊಟ್ಟಿಗೆಯ ಮೂಲೆಯಲ್ಲಿ, ಹಿಂದಿನ ವರ್ಷದ ಇನ್ನೆರಡು ಮೂಟೆಗಳ ಪಕ್ಕದಲ್ಲಿ ಕೂತಿದ್ದವು. ಇವನ್ನು ಏನು ಮಾಡುವಿರಿ ಎಂದು ಕೇಳಿದೆ. ಎಲ್ಲಿಗೆ ಒಯ್ದು ಕೊಡಬೇಕೆಂದು ಹೇಳುವವರು ಈವರೆಗೆ ಯಾರೂ ಸಿಕ್ಕಿಲ್ಲವೆಂದೂ, ಸಿಕ್ಕುವವರೆಗೆ ಇಲ್ಲೇ ಇರಲೆಂದೂ ಆ ತಾಯಿ ಹೇಳಿದಳು. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟು ದೋಣಿ ಇಳಿಯಿತೆಂದು ಆಮೇಲೆ ತಿಳಿಯಿತು. ಮೂಟೆಗಳ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕರಾವಳಿಯವರಷ್ಟೇ ಅಲ್ಲ. ಅವರ ಹೊಳೆ ನಮ್ಮ ತೋಟದಿಂದ ಹೊರಡುತ್ತದೆ.